ಅಕ್ಕಾ, ಅಲ್ಲಿ ಬಕೆಟ್ ಎತ್ಬೇಡಿ: ಹಿಮದೂರಿನ ಮನೆ ಕ್ಲೀನ್ ಮಾಡೋದು ಹೇಗೆ?

ಪ್ರಶ್ನೆ: ನಾವು ಮೂಲ ಧಾರವಾಡದವರು, ಪುಣೆದಾಗ ಕೋಥ್ರೂಡ್ ಕಡೆ 30 ವರ್ಷದಿಂದ ಅದೀವಿ. ಮಗಳು-ಅಳಿಯ ಅಮೆರಿಕಾದ ಮಿನಿಯಾಪೊಲಿಸ್‌ದಾಗ ಹ್ವಾದ ವರ್ಷ ಒಂದು ಹಳೇ ಮನಿ ತಗೊಂಡಾರ. ಮೇ ತಿಂಗಳದಾಗ ಮಗಳ ಹೆರಿಗಿ ಅದ, ನಾನು ಮಾರ್ಚ್ ಕಡೀಗೆ ಹೋಗಿ 5 ತಿಂಗಳು ಇರಾಕಿ. ವಿಡಿಯೋ ಕಾಲ್‌ನಾಗ ನೋಡಿದ್ರ ಬೆಡ್‌ರೂಮ್ ಕಿಡಕಿ ಬುಡಕ್ಕ ಕರ್ರಗ ಬೂಷ್ಟು ಹಿಡದದ, ಬಾಗಿಲ ಹತ್ರ ನೆಲದ ಮ್ಯಾಲೆ ಬೆಳ್ಳಗ ಕಲೆ, ಇಡೀ ಮನಿ ಮುಗ್ಗಲು ವಾಸನಿ ಅಂತ ಆಕಿನೇ ಹೇಳ್ತಾಳ. ಕೂಸು ಬರೋದ್ರಾಗ ನಮ್ಮ ದಸರಾ ಟೈಮಿನ್ಯಾಗ ಮಾಡಿದಂಗ ಇಡೀ ಮನಿ ಸೋಪಿನ ನೀರು ಹಾಕಿ ತೊಳದು ಬಿಡೂಣು ಅಂದ್ರ "ಅವ್ವಾ, ಇಲ್ಲೆ ನೀರು ಸುರಿಯೂ ಹಂಗಿಲ್ಲ" ಅಂತ ನಗ್ತಾಳ. ನೀರಿಲ್ಲದ ಮನಿ ಹ್ಯಾಂಗ ಸ್ವಚ್ಛ ಆಗ್ತದ? ಎಲ್ಲಿಂದ ಶುರು ಮಾಡ್ಲಿ, ಇಲ್ಲಿಂದ ಏನೇನು ಒಯ್ಲಿ?

ಉತ್ತರ: ಅಕ್ಕಾ, ನಿಮ್ಮ ಮಗಳು ಹೇಳಿದ್ದು ಸರಿ, ಅದನ್ನ ಮೊದ್ಲೇ ಒಪ್ಕೊಂಡುಬಿಡಿ. ನಾನು ಒಪ್ಪಿರ್ಲಿಲ್ಲ, ಅದಕ್ಕೆ ದಂಡ ಕಟ್ಟಿದ್ದೀನಿ. ಮುಂಬೈಲಿ ಹೋಟೆಲ್ ಹೌಸ್‌ಕೀಪಿಂಗಲ್ಲಿ 11 ವರ್ಷ ದುಡಿದು, ಆಮೇಲೆ ಮುಲುಂಡಲ್ಲಿ ಸ್ವಂತ ಕ್ಲೀನಿಂಗ್ ಟೀಮ್ ಕಟ್ಕೊಂಡು, ನನಗೆ ಬಗ್ಗದೇ ಇರೋ ಕಲೆ ಯಾವ್ದಿದೆ ಅಂತ ಜಂಬದಲ್ಲಿ ಇದ್ದೋಳು, ಮನೆಯವ್ರ ಕೆಲಸದ ದೆಸೆಯಿಂದ ಟೊರೊಂಟೊ ಪಕ್ಕ 6 ಚಳಿಗಾಲ ಕಳೀಬೇಕಾಗಿ ಬಂತು. ಮೊದಲ ಏಪ್ರಿಲ್ಲಲ್ಲೇ, ಹಿಮ ಕರಗಿದ ಖುಷಿಗೆ, ಬಾಡಿಗೆ ಮನೆ ಬಾತ್‌ರೂಮ್ ನೆಲಕ್ಕೆ ಎರಡು ಬಕೆಟ್ ಸೋಪ್ ನೀರು ಸುರಿದು ಚೆನ್ನಾಗಿ ತಿಕ್ಕಿ, ಈಗ ನೀರು ಎತ್ತ ನೂಕೋದು ಅಂತ ಮೂಲೆ ನೋಡ್ತೀನಿ, ನೀರು ಹೋಗೋ ಜಾಲಿನೇ ಇಲ್ಲ! ನಾಲ್ಕೂ ಮೂಲೆಯಲ್ಲಿ ಹುಡುಕಿದೆ, ಕಮೋಡ್ ಹಿಂದೆ ಬಗ್ಗಿ ನೋಡಿದೆ, ಇಲ್ಲ. ಟವೆಲ್ ಹಾಕಿ ಹಿಂಡಿ ಹಿಂಡಿ ತೆಗೆಯೋಷ್ಟರಲ್ಲಿ ಅರ್ಧ ನೀರು ಗೋಡೆ ಸಂದಿಯಲ್ಲಿ ಇಳಿದಾಗಿತ್ತು, ಮಾರನೇ ದಿನ ಕೆಳಗಿನ ಮನೆಯವ್ರ ಸೀಲಿಂಗಲ್ಲಿ ಚಹಾ ಬಣ್ಣದ ದೊಡ್ಡ ಕಲೆ. ಮಾಲೀಕರು ರಿಪೇರಿ ದುಡ್ಡು ವಸೂಲಿ ಮಾಡಿದ್ರು, ನಾನು ಬಾಯಿ ಮುಚ್ಕೊಂಡು ಸುಮ್ನಾದೆ.

ಯಾಕೆ ಹಂಗಾಯ್ತು ಅಂದ್ರೆ ಅಲ್ಲಿನ ಮನೆ ನಮ್ಮ ಮನೆ ಥರ ಇಟ್ಟಿಗೆ-ಸಿಮೆಂಟಿಂದಲ್ಲ. ಹೆಚ್ಚಿನವು ಮರದ ಚೌಕಟ್ಟು, ಅದರ ಮೇಲೆ ಒಳಗಡೆಗೆ ಜಿಪ್ಸಮ್ ಬೋರ್ಡ್, ಆ ಬೋರ್ಡಿಗೆ ಎರಡೂ ಬದಿಗೆ ದಪ್ಪ ಕಾಗದ ಅಂಟಿಸಿರ್ತಾರೆ, ಗೋಡೆಯೊಳಗೆ ಚಳಿ ತಡೆಯೋಕೆ ಹತ್ತಿ ಥರದ್ದು ತುಂಬಿರ್ತಾರೆ. ಮರ, ಕಾಗದ, ನೀರು ಹಿಡಿದಿಡೋ ಹತ್ತಿ ಥರದ್ದು. ಇದಕ್ಕೆ ನೀರು ಬಿದ್ರೆ ಬೂಷ್ಟಿಗೆ ನೀವೇ ಊಟ ಬಡಿಸಿದ ಹಾಗೆ. ನಮ್ಮಲ್ಲಿ ಮೊಸಾಯಿಕ್ ನೆಲಕ್ಕೆ ನೀರು ಚೆಲ್ಲಿ ಕಸಬರಿಗೆಯಲ್ಲಿ ಗುಡಿಸಿ ಬಾಲ್ಕನಿ ತೂತಿಂದ ಹೊರಗೆ ಬಿಡ್ತೀವಲ್ಲ, ಕೆಳಗಡೆ ಹೋಗೋರು ಬೈದ್ರೂ ಬಿಡ್ತೀವಲ್ಲ, ಆ ಸುಖ ಅಲ್ಲಿಲ್ಲ.

ಆದ್ರೆ ನೀರು ಸುರೀಬೇಡಿ ಅಂತ ಹೇಳಿದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಆ ಕಪ್ಪು ಬೂಷ್ಟು ಎಲ್ಲಿಂದ ಬಂತು ಅನ್ನೋದು ಇನ್ನರ್ಧ, ಅದು ಗೊತ್ತಾದ್ರೆ ಉಳಿದದ್ದೆಲ್ಲ ನಿಮಗೇ ಹೊಳೆಯತ್ತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೊರಗಿಂದ ಒಳಗೆ ಬರತ್ತೆ, ಅದಕ್ಕೇ ಬೀರು ಹಿಂದೆ, ಚಪ್ಪಲಿ ಸ್ಟ್ಯಾಂಡಲ್ಲಿ, ಚರ್ಮದ ಬೆಲ್ಟಿಗೆ ಬಿಳೀ ಬೂಷ್ಟು, ದಸರಾ ಹೊತ್ತಿಗೆ ಬಿಸಿಲು ಬಂದ ಮೇಲೆ ಎಲ್ಲಾ ಹೊರಗೆ ಹಾಕಿ ಒಣಗಿಸ್ತೀವಿ. ಅಲ್ಲಿ ಉಲ್ಟಾ. ತೇವ ಮನೆಯೊಳಗೇ ಹುಟ್ಟತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರಾಗ್ಬೇಡಿ. ಜುಲೈನ ಮುಂಬೈ ಗಾಳಿಯ ಒಂದು ಘನ ಮೀಟರಲ್ಲಿ 20 ಗ್ರಾಂಗಿಂತ ಜಾಸ್ತಿ ನೀರಿನ ಆವಿ ಇರತ್ತೆ. ಮೈನಸ್ 15 ಡಿಗ್ರಿಯ ಗಾಳಿ ಎಷ್ಟೇ ಕುಡಿದ್ರೂ ಒಂದೂವರೆ ಗ್ರಾಂ ಆಸುಪಾಸು ಅಷ್ಟೆ ಹಿಡ್ಕೊಳ್ಳೋದು. ಅದೇ ಗಾಳಿನ ಮನೆಯೊಳಗೆ ತಂದು 21 ಡಿಗ್ರಿಗೆ (ಅಲ್ಲಿ ಥರ್ಮೋಸ್ಟಾಟಲ್ಲಿ 70 ಅಂತ ಕಾಣತ್ತೆ, ಹೆದರ್ಬೇಡಿ, ಅದು ಫ್ಯಾರನ್‌ಹೀಟು) ಬಿಸಿ ಮಾಡಿದ್ರೆ ಅದು 18 ಗ್ರಾಂ ಹಿಡಿಯೋ ಶಕ್ತಿ ಇರೋ ಬಾಯಾರಿದ ಗಾಳಿ ಆಗತ್ತೆ. ಅದಕ್ಕೇ ತುಟಿ ಒಡೆಯೋದು, ಮೂಗಲ್ಲಿ ರಕ್ತ ಬರೋದು. ಈಗ ಕಿಟಕಿ ಬಿಗಿಯಾಗಿ ಮುಚ್ಕೊಂಡು ಒಳಗೆ ಅನ್ನ ಕುದಿಸಿ, ಸಾರು ಕುದಿಸಿ, ಕುಕ್ಕರ್ ಸೀಟಿ ಹೊಡೆಸಿ, ಬಿಸಿ ಸ್ನಾನ ಮಾಡಿ, ಮೇಲಿಂದ ಗಾಳಿಗೆ ತೇವ ಸೇರಿಸೋ ಹ್ಯೂಮಿಡಿಫೈಯರ್ ಹಚ್ಚಿ, ರಾತ್ರಿಯಿಡೀ ಉಸಿರು ಬಿಟ್ಟು, ದಿನಕ್ಕೆ ಲೀಟರ್‌ಗಟ್ಟಲೆ ಆವಿ ಗಾಳಿಗೆ ಸೇರಿಸ್ತೀವಿ. ಆ ಆವಿಗೆ ಮನೆಯಲ್ಲಿ ಅತೀ ತಣ್ಣಗಿರೋ ಜಾಗ ಯಾವುದು, ಕಿಟಕಿ ಗಾಜು. 21 ಡಿಗ್ರಿ ಮನೆಯಲ್ಲಿ ತೇವಾಂಶ 40 ಪರ್ಸೆಂಟ್ ಇದ್ರೆ, ಗಾಜಿನ ಅಂಚು 7 ಡಿಗ್ರಿಗಿಂತ ಕೆಳಗಿಳಿದ ಕೂಡ್ಲೆ ನೀರು ಹನಿಯಾಗಿ ಕೂರತ್ತೆ, ಇಳಿದು ಚೌಕಟ್ಟಿನ ಬುಡಕ್ಕೆ ಹೋಗತ್ತೆ, ಅಲ್ಲೇ ಕಪ್ಪು ಬೂಷ್ಟು. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟ ಬೆವರತ್ತಲ್ಲ, ಅದೇ. ಮಗಳು ಸೋಮಾರಿ ಅಂತ ಅಲ್ಲ ಅಕ್ಕಾ, ಅದನ್ನ ಮನಸ್ಸಿಂದ ತೆಗೆದುಹಾಕಿ.

ಹಾಗಾಗಿ ಅಲ್ಲಿ ನಿಮ್ಮ ಮೊದಲ ಸಾಮಾನು ಪೊರಕೆ ಅಲ್ಲ, ತೇವಾಂಶ ತೋರಿಸೋ ಒಂದು ಸಣ್ಣ ಮೀಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗತ್ತೆ, ಅದನ್ನ ಆ ಬೆಡ್‌ರೂಮಲ್ಲಿ ಇಟ್ಬಿಡಿ. 30ರಿಂದ 50ರ ನಡುವೆ ಇರ್ಬೇಕು, ಹೊರಗೆ ಕೊರೆಯೋ ಚಳಿ ಇದ್ದಾಗ 30ರ ಹತ್ತಿರಕ್ಕೆ ಇಳಿಸ್ಬೇಕು, ಇಲ್ಲಾಂದ್ರೆ ಗಾಜು ಅಳ್ತಾನೇ ಇರತ್ತೆ. ಇಳಿಸೋದು ಹೇಗೆ? ಕಿಟಕಿ ತೆಗೀರಿ. ನಗ್ಬೇಡಿ, ಹೊರಗೆ ಹಿಮ ಇದ್ರೂ ತೆಗೀರಿ. ಈಗಷ್ಟೇ ಹೇಳಿದ್ನಲ್ಲ, ಹೊರಗಿನ ತಣ್ಣನೆ ಗಾಳಿಯಲ್ಲಿ ನೀರೇ ಇಲ್ಲ, ಅದು ಒಳಗೆ ಬಂದು ಬಿಸಿಯಾದ್ರೆ ಸ್ಪಂಜ್ ಥರ ತೇವ ಹೀರತ್ತೆ. ಜರ್ಮನಿಯಲ್ಲಿ ಇದಕ್ಕೆ ಸ್ಟೋಸ್‌ಲ್ಯುಫ್ಟೆನ್ ಅಂತ ಹೆಸರೇ ಇದೆ, ಚಳಿಗಾಲದಲ್ಲೂ ದಿನಕ್ಕೆ ಎರಡು-ಮೂರು ಸಲ ಕಿಟಕಿ ಪೂರ್ತಿ ತೆಗೆದು 5-10 ನಿಮಿಷ ಬಿಟ್ಟು ಮುಚ್ಚಿಬಿಡೋದು, ಬಾಡಿಗೆ ಕರಾರಲ್ಲೂ ಅದನ್ನ ಬರೆಸ್ಕೊಳ್ಳೋ ಮಾಲೀಕರಿದ್ದಾರೆ. ಗಮನಿಸಿ, ಪೂರ್ತಿ ತೆಗೀಬೇಕು, ಎದುರು-ಬದುರು ಎರಡು ಕಿಟಕಿ ಆದ್ರೆ ಇನ್ನೂ ಒಳ್ಳೇದು. ದಿನವಿಡೀ ಒಂದಿಂಚು ತೆಗೆದಿಟ್ರೆ ಗೋಡೆ ಎಲ್ಲಾ ತಣ್ಣಗಾಗಿ ಹೀಟಿಂಗ್ ಬಿಲ್ಲೂ ಏರತ್ತೆ, ಬೂಷ್ಟೂ ಜಾಸ್ತಿ ಆಗತ್ತೆ. 5 ನಿಮಿಷದಲ್ಲಿ ಗಾಳಿ ಬದಲಾಗತ್ತೆ, ಗೋಡೆ-ಸೋಫಾ ತಣ್ಣಗಾಗೋಕೆ ಟೈಮ್ ಸಿಗಲ್ಲ, ಅದೇ ಅದರ ಗುಟ್ಟು. ಮಗಳನ್ನ ಆಗ ಪಕ್ಕದ ರೂಮಲ್ಲಿ ಕೂರ್ಸಿ, ಅಷ್ಟೆ.

ಮುಂಬೈ ಜುಲೈನಲ್ಲಿ ಮಾತ್ರ ಇದನ್ನ ಮಾಡ್ಬೇಡಿ, ಇಲ್ಲಿ ಕಿಟಕಿ ತೆಗೆದ್ರೆ ತೇವ ಒಳಗೇ ಬರೋದು.

ಈಗ ಆ ಬೂಷ್ಟು ತೆಗೆಯೋ ಕೆಲಸ. ಮೊದಲ ನಿಯಮ, ಮಗಳು ಆ ರೂಮಲ್ಲಿ ಇರ್ಬಾರ್ದು, ಬಾಗಿಲು ಮುಚ್ಚಿರ್ಲಿ. ನೀವು ರಬ್ಬರ್ ಗ್ಲೌಸ್, ಎನ್-95 ಮಾಸ್ಕ್ ಹಾಕ್ಕೊಳ್ಳಿ, ಕೋವಿಡ್ ಟೈಮಿನದ್ದು ಬೀರುವಿನಲ್ಲಿ ಇದ್ದೇ ಇರತ್ತೆ. ಒಣಗಿದ ಬೂಷ್ಟನ್ನ ಬ್ರಷ್ ಹಾಕಿ ಕೆರೀಬೇಡಿ, ಪೊರಕೆಯಲ್ಲಿ ಗುಡಿಸ್ಬೇಡಿ, ಅದು ಪುಡಿಯಾಗಿ ಮನೆಯೆಲ್ಲ ಹಾರತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ ಹಾಕಿದ ಬೆಚ್ಚಗಿನ ನೀರನ್ನ ಬಟ್ಟೆಗೆ ಹಾಕಿ ಮೊದ್ಲು ನೆನೆಸಿ, ಒರೆಸಿ, ಬಟ್ಟೆ ಮಡಚಿ ಹೊಸ ಮಗ್ಗುಲಿಂದ ಮತ್ತೆ ಒರೆಸಿ, ಆಮೇಲೆ ಒಣ ಬಟ್ಟೆ, ಆಮೇಲೆ ಫ್ಯಾನ್. ಒರೆಸಿದ ಬಟ್ಟೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಸಕ್ಕೆ. ಬಣ್ಣ ಬಳಿದ ಮರ, ಗಾಜು, ಪ್ಲಾಸ್ಟಿಕ್ ಚೌಕಟ್ಟು ಇಷ್ಟಕ್ಕೇ ಚೊಕ್ಕ ಆಗತ್ತೆ. ಗಾಜಿನ ಸುತ್ತ ಹಚ್ಚಿರೋ ಸಿಲಿಕೋನ್ ಒಳಗೇ ಕಪ್ಪಾಗಿದ್ರೆ ಎಷ್ಟು ತಿಕ್ಕಿದ್ರೂ ಹೋಗಲ್ಲ, ಅಳಿಯನಿಗೆ ಹೇಳಿ ಕಿತ್ತು ಹೊಸದು ಹಾಕಿಸಿ. ಇನ್ನು ಕಿಟಕಿ ಕೆಳಗಿನ ಗೋಡೆನ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿ ಇದ್ರೆ ಸರಿ, ನೆನೆದ ಬ್ರೆಡ್ ಥರ ಒಳಗೆ ಹೋಯ್ತು ಅಂದ್ರೆ ಬೋರ್ಡೇ ಕೊಳೆತಿದೆ, ಅಷ್ಟು ಭಾಗ ಕತ್ತರಿಸಿ ತೆಗೆಸ್ಬೇಕು. ಅಮೆರಿಕದ ಪರಿಸರ ಇಲಾಖೆಯವ್ರ ಸಲಹೆ ಪ್ರಕಾರ ಬೂಷ್ಟು ಹಿಡಿದ ಜಾಗ 10 ಚದರ ಅಡಿ, ಅಂದ್ರೆ ಸುಮಾರು 3 ಅಡಿಗೆ 3 ಅಡಿ, ಅದಕ್ಕಿಂತ ಕಮ್ಮಿ ಇದ್ರೆ ಮನೆಯವ್ರೇ ಮಾಡ್ಕೋಬಹುದು, ಜಾಸ್ತಿ ಇದ್ರೆ ಕೆಲಸ ಗೊತ್ತಿರೋರನ್ನ ಕರೀರಿ. ಮೇಲಿಂದ ಪೇಂಟ್ ಬಳಿದು ಮುಚ್ಚೋದು ಅಂತೂ ಬೇಡವೇ ಬೇಡ. ಇಲ್ಲಿ ನಮ್ಮ ಸೊಸೈಟಿಗಳಲ್ಲಿ ದೀಪಾವಳಿಗೆ ಮುಂಚೆ ಅದೇ ಮಾಡ್ತಾರೆ, ಮುಂದಿನ ಆಗಸ್ಟಿಗೆ ಪೇಂಟ್ ಸಮೇತ ಸುಲಿದು ಬರತ್ತೆ.

ಬ್ಲೀಚ್ ಬಗ್ಗೆ ಕೇಳೇ ಕೇಳ್ತೀರಿ ಅಂತ ಗೊತ್ತು. ಸೋಪು ನೀರಲ್ಲಿ ಹೋಗೋದಕ್ಕೆ ಬ್ಲೀಚ್ ಬೇಡ. ಹಾಕ್ಲೇಬೇಕು ಅಂದ್ರೂ ಟಾಯ್ಲೆಟ್ ಕ್ಲೀನರ್ ಜೊತೆ, ವಿನೆಗರ್ ಜೊತೆ, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಜೊತೆ ಸೇರಿಸ್ಬೇಡಿ. ಆಸಿಡ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸು, ಅಮೋನಿಯಾ ಜೊತೆ ಸೇರಿದ್ರೆ ಕ್ಲೋರಮೈನ್, ಎರಡೂ ಶ್ವಾಸಕೋಶ ಸುಡೋವು. ನಮ್ಮಲ್ಲಿ ಬಾತ್‌ರೂಮ್ ಜಾಲರಿ ಕಿಟಕಿ ಸದಾ ತೆಗೆದಿರತ್ತೆ, ಫಿನೈಲು ಆಸಿಡ್ಡು ಎಲ್ಲಾ ಹಾಕಿ ಕೆಮ್ಮಿ ಸುಧಾರಿಸ್ಕೊಂಡಿರ್ತೀವಿ, ಆ ಅಭ್ಯಾಸ ಬಿಗಿ ಮುಚ್ಚಿದ ಮನೆಯಲ್ಲಿ ನಡೆಯಲ್ಲ.

ಕಿಟಕಿಯ ಹತ್ರ ಇದ್ದಾಗಲೇ ಇನ್ನೊಂದೆರಡು. ಚೌಕಟ್ಟಿನ ತಳದ ಪಟ್ಟಿಯಲ್ಲಿ ಹೊರಬದಿಗೆ ನೀರು ಹೋಗೋಕೆ ಸಣ್ಣ ತೂತು ಇರತ್ತೆ, ಹಳೇ ಹಲ್ಲುಜ್ಜೋ ಬ್ರಷ್ಷು, ಟೂತ್‌ಪಿಕ್ ಹಾಕಿ ಅದನ್ನ ಬಿಡಿಸಿ. ಕೋಥ್ರೂಡಿನ ನಿಮ್ಮ ಸ್ಲೈಡಿಂಗ್ ಕಿಟಕಿಯಲ್ಲೂ ಅದು ಇರ್ಬಹುದು, ಮಳೆಗಾಲದಲ್ಲಿ ಟ್ರ್ಯಾಕ್ ತುಂಬಿ ನೀರು ಒಳಗೆ ಬರೋದು ಅದು ಕಟ್ಕೊಂಡಾಗಲೇ. ಮಂಚ, ಬೀರು ಹೊರಗೋಡೆಗೆ ಒತ್ತಿ ಇಟ್ಟಿದ್ರೆ ನಾಲ್ಕು ಬೆರಳು ಸರಿಸಿ. ಭಾರಿ ಪರದೆ ಹಾಕಿದ್ರೆ ಹಗಲು ಸರಿಸಿಡೋಕೆ ಹೇಳಿ, ಪರದೆ ಹಿಂದೆ ಬಿಸಿ ಗಾಳಿ ಹೋಗದೇ ಗಾಜು ಇನ್ನೂ ತಣ್ಣಗಾಗತ್ತೆ. ನೆಲದಲ್ಲಿ ಬಿಸಿ ಗಾಳಿ ಬರೋ ಜಾಲರಿ ಮೇಲೆ ಸೋಫಾನೋ ಕಾರ್ಪೆಟ್ಟೋ ಮುಚ್ಚಿದ್ರೆ ಅದನ್ನೂ ತೆಗೆಸಿ, ಜಾಲರಿ ಎತ್ತಿ ಒಳಗೆ ಕೈಗೆಟುಕೋಷ್ಟು ವ್ಯಾಕ್ಯೂಮ್ ಹಾಕಿ. ನನಗೆ ಒಂದ್ಸಲ ಅದರೊಳಗೆ ಮೂರು ಕ್ರೇಯಾನು, ಒಂದು ಕಿವಿಯೋಲೆ ಸಿಕ್ಕಿತ್ತು.

ಮುಗ್ಗಲು ವಾಸನೆ ಅಂದ್ರಲ್ಲ, ಅದಕ್ಕೆ ಬೂಷ್ಟು ಒಂದೇ ಕಾರಣ ಇರ್ಲಿಕ್ಕಿಲ್ಲ. ಅಲ್ಲಿ ಫರ್ನೇಸ್ ಅಂತ ಒಂದು ಯಂತ್ರ, ಹೆಚ್ಚಾಗಿ ಬೇಸ್‌ಮೆಂಟಲ್ಲಿ ಇರತ್ತೆ, ಇಡೀ ಮನೆ ಗಾಳಿನ ಎಳ್ಕೊಂಡು ಬಿಸಿ ಮಾಡಿ ಮತ್ತೆ ಬಿಡತ್ತೆ. ಎಳ್ಕೊಳ್ಳೋ ಬಾಯಲ್ಲಿ ಒಂದು ಫಿಲ್ಟರ್. ಹೊಸದಾಗಿ ಮನೆ ಕೊಂಡೋರು ಅದನ್ನ ಮರೆತೇ ಬಿಟ್ಟಿರ್ತಾರೆ, ಹೊರಗೆಳೆದ್ರೆ ಬೂದು ಬಣ್ಣದ ಕಂಬಳಿ ಥರ ಬರತ್ತೆ. ಒಂದಿಂಚು ದಪ್ಪದ್ದಾದ್ರೆ 1ರಿಂದ 3 ತಿಂಗಳಿಗೊಮ್ಮೆ ಬದಲಾಯಿಸ್ಬೇಕು. ತೊಳೆದು ಮತ್ತೆ ಹಾಕೋ ಉಳಿತಾಯ ಬುದ್ಧಿ ಬೇಡ, ಕಾಗದದ್ದು ಅದು. ಸೈಜು ಅಂಚಲ್ಲಿ ಬರೆದಿರತ್ತೆ, ಒಂದು ಬಾಣದ ಗುರುತೂ ಇರತ್ತೆ, ಗಾಳಿ ಹೋಗೋ ದಿಕ್ಕಿಗೆ, ಅಂದ್ರೆ ಯಂತ್ರದ ಕಡೆಗೆ ಬಾಣ ಇರ್ಬೇಕು. ನೀವು ಇಡೀ ಮನೆ ಧೂಳು ಹೊಡೆದು ಮುಗಿಸಿದ ಮೇಲೆ ಹೊಸದು ಹಾಕ್ಸಿ, ಮೊದ್ಲೇ ಹಾಕಿದ್ರೆ ಅದೂ ಅವತ್ತೇ ತುಂಬತ್ತೆ. ಈ ಡಕ್ಟ್ ಕ್ಲೀನಿಂಗ್, ಅಂದ್ರೆ ಬಿಸಿ ಗಾಳಿ ಓಡೋ ಕೊಳವೆ ಕ್ಲೀನ್, ಮಾಡ್ತೀವಿ ಅಂತ ಫೋನ್ ಮೇಲೆ ಫೋನ್ ಬರತ್ತೆ, ಒಳಗೆ ಬೂಷ್ಟೋ ಇಲಿಯೋ ಕಾಣಿಸದೇ ಇದ್ರೆ ಅದಕ್ಕೆ ದುಡ್ಡು ಹಾಕೋದು ಬೇಡ ಅಂತ ನನ್ನ ಅಭಿಪ್ರಾಯ, ಸುಮ್ನೆ ಮಾಮೂಲಿಯಾಗಿ ಮಾಡಿಸೋದನ್ನ ಅಲ್ಲಿನ ಪರಿಸರ ಇಲಾಖೆನೂ ಶಿಫಾರಸು ಮಾಡಲ್ಲ.

ಬಟ್ಟೆ ಒಣಗಿಸೋ ಡ್ರೈಯರ್, ಇದನ್ನ ಮಾತ್ರ ನಾನು ಬೇರೆಯಾಗಿ ಒತ್ತಿ ಹೇಳ್ತೀನಿ, ಯಾಕಂದ್ರೆ ನಮಗೆ ಅದರ ಪರಿಚಯ ಇಲ್ಲ, ನಾವು ದೋರಿ ಮೇಲೆ ಹಾಕೋರು. ಬಟ್ಟೆಯಿಂದ ಬರೋ ನೂಲಿನ ಎಳೆ-ಧೂಳು ಒಂದು ಜಾಲರಿಯಲ್ಲಿ ಕೂರತ್ತೆ, ಪ್ರತೀ ಸಲ ಬೆರಳಲ್ಲಿ ಎಳೆದು ತೆಗೀಬೇಕು. ಆದ್ರೂ ಸ್ವಲ್ಪ ತಪ್ಪಿಸ್ಕೊಂಡು ಹಿಂದಿನ ಕೊಳವೆಯಲ್ಲಿ ಸೇರತ್ತೆ, ಅದು ಬತ್ತಿ ಥರ ಬೆಂಕಿ ಹಿಡಿಯೋ ವಸ್ತು. ಅಮೆರಿಕದಲ್ಲಿ ಡ್ರೈಯರ್‌ನಿಂದ ವರ್ಷಕ್ಕೆ ಸುಮಾರು 2900 ಮನೆ ಬೆಂಕಿ ಅಂತ ಅಲ್ಲಿನ ಕೇಂದ್ರ ಅಗ್ನಿಶಾಮಕ ಇಲಾಖೆ ಅಂದಾಜು ಕೊಟ್ಟಿತ್ತು, ಕ್ಲೀನ್ ಮಾಡದೇ ಇದ್ದಿದ್ದೇ ಅದರಲ್ಲಿ ಮುಖ್ಯ ಕಾರಣ. ವರ್ಷಕ್ಕೊಮ್ಮೆ ಪ್ಲಗ್ ತೆಗೆದು ಯಂತ್ರ ಮುಂದಕ್ಕೆಳೆದು ಕೊಳವೆ ಬಿಡಿಸಿ ಉದ್ದ ಬ್ರಷ್ ಹಾಕ್ಬೇಕು, ಹೊರಗೋಡೆಯಲ್ಲಿ ಗಾಳಿ ಬರೋ ಮುಚ್ಚಳ ತೆರ್ಕೊಳ್ಳತ್ತಾ ನೋಡ್ಬೇಕು, ಹಕ್ಕಿ ಗೂಡು ಕಟ್ಟಿರೋದೂ ಉಂಟು. ಗ್ಯಾಸ್ ಡ್ರೈಯರ್ ಆದ್ರೆ ನೀವು ಎಳೆಯೋಕೆ ಹೋಗ್ಬೇಡಿ, ಮೆಕ್ಯಾನಿಕ್ ಬರ್ಲಿ. ಬಟ್ಟೆ ಒಣಗೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡೀತಿದೆ ಅಂತ ಮಗಳು ಅಂದ್ರೆ ಕೊಳವೆ ಕಟ್ಟಿದೆ ಅಂತಲೇ ತಿಳ್ಕೊಳ್ಳಿ. ಅದೇ ತೇವದ ಗಾಳಿ ಒಳಗೇ ಸೋರಿದ್ರೆ ಕಿಟಕಿಗೆ ಇನ್ನಷ್ಟು ನೀರು.

ಬಾಗಿಲ ಹತ್ರದ ಬಿಳಿ ಕಲೆ ಉಪ್ಪು. ರಸ್ತೆ ಮೇಲೆ ಹಿಮ ಕರಗಲಿ ಅಂತ ಹಾಕೋ ಉಪ್ಪು ಬೂಟಿಗೆ ಅಂಟಿ ಬರತ್ತೆ. ಮೊದ್ಲು ಒಣಗಿದ್ದನ್ನ ವ್ಯಾಕ್ಯೂಮಲ್ಲಿ ಎಳೀರಿ, ಒದ್ದೆ ಬಟ್ಟೆ ಹಾಕಿ ಉಜ್ಜಿದ್ರೆ ಹರಳು ಮರದ ನೆಲ ಗೀರತ್ತೆ. ಆಮೇಲೆ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ, ತಕ್ಷಣ ಒಣ ಬಟ್ಟೆ. ಟೈಲ್ಸ್ ಆದ್ರೆ ನೀರಿಗೆ ಒಂದಿಷ್ಟು ಬಿಳೀ ವಿನೆಗರ್ ಸೇರಿಸ್ಬಹುದು, ಮಾರ್ಬಲ್ ಆದ್ರೆ ಬೇಡ, ನಿಂಬೆಹಣ್ಣು ಬಿದ್ದ ಕಡಪಾ ಕಲ್ಲಿನ ಕಟ್ಟೆ ಗತಿ ಆಗತ್ತೆ. ಕೆಲವೊಮ್ಮೆ ಕಲೆ ಒಣಗದೇ ಜಿಡ್ಡು ಜಿಡ್ಡಾಗೇ ಇರತ್ತೆ, ಅದು ಕ್ಯಾಲ್ಸಿಯಂ ಕ್ಲೋರೈಡು, ಗಾಳಿಯಿಂದ ನೀರು ಹೀರೋ ಉಪ್ಪು, ಎರಡು ಮೂರು ಸಲ ಬಟ್ಟೆ ಬದಲಿಸಿ ಒರೆಸ್ಬೇಕಾಗತ್ತೆ. ಚಪ್ಪಲಿ ಹೊಸಿಲ ಹೊರಗೆ ಬಿಡೋ ನಮ್ಮ ಪದ್ಧತಿ ಅಲ್ಲಿ ಮಗಳು ಬಿಟ್ಟಿಲ್ಲ ಅಂದ್ಕೊಂಡಿದ್ದೀನಿ.

ಇನ್ನು ಮನೆ ಹಳೇದು ಅಂದ್ರಲ್ಲ, ಕಟ್ಟಿದ ವರ್ಷ ಕೇಳಿ. ಅಮೆರಿಕದಲ್ಲಿ ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ ಹಾಕೋದನ್ನ ನಿಲ್ಲಿಸಿದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಮನೆ ಆದ್ರೆ ಕಿಟಕಿ ಚೌಕಟ್ಟಿನ ಬಣ್ಣ ಪದರ ಪದರವಾಗಿ ಎದ್ದಿರೋ ಕಡೆ ನೀವು ಉಜ್ಜೋದು, ಮರಳು ಕಾಗದ ಹಾಕೋದು, ಕೆರೆಯೋದು ಏನೂ ಮಾಡ್ಬೇಡಿ, ಆ ಧೂಳು ಹೊಟ್ಟೆಯಲ್ಲಿರೋ ಮಗುಗೂ ಅಂಬೆಗಾಲಿಡೋ ಮಗುಗೂ ವಿಷ. ಮೊದ್ಲು ಟೆಸ್ಟ್ ಮಾಡಿಸ್ಲಿ, ಸೀಸ ಇದೆ ಅಂದ್ರೆ ಅದಕ್ಕೆ ಲೈಸೆನ್ಸ್ ಇರೋ ಕೆಲಸದವ್ರು ಇದ್ದಾರೆ. ಬೂಷ್ಟಿನ ವಿಷಯದಲ್ಲಿ ಒದ್ದೆ ಬಟ್ಟೆ ಅಂದಿದ್ದಕ್ಕೆ ಇದೂ ಒಂದು ಕಾರಣ. ಇದನ್ನ ಟಿಕೆಟ್ ಬುಕ್ ಮಾಡೋಕೆ ಮುಂಚೆನೇ ಕೇಳಿ.

ಬಾತ್‌ರೂಮ್ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನಿಮ್ಮ ನಿಜವಾದ ಪರೀಕ್ಷೆ ಕ್ಲೀನಿಂಗಲ್ಲಿ ಅಲ್ಲ, ಬಾಣಂತಿ ಸ್ನಾನದಲ್ಲಿ. ನಮ್ಮ ಕುಂದಾಪ್ರ ಕಡೆ ಹಂಡೆ ಹಂಡೆ ಬಿಸಿ ನೀರು ಹೊಯ್ದು ಮೀಸೋದು, ಧಾರವಾಡದಲ್ಲೂ ಕಮ್ಮಿ ಇರ್ಲಿಕ್ಕಿಲ್ಲ. ಅಲ್ಲಿ ಟಬ್ಬಿನ ಒಳಗೇ ಸಣ್ಣ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂರ್ಸಿ, ಪರದೆಯ ತುದಿ ಟಬ್ಬಿನ ಒಳಗೇ ಇರ್ಲಿ, ನೀವು ಹೊರಗೆ ದಪ್ಪ ಟವೆಲ್ ಹಾಸಿ ಮಂಡಿ ಊರಿ. ಎಣ್ಣೆ ಕಾಲಿಗೆ ಟಬ್ ಜಾರತ್ತೆ, ರಬ್ಬರ್ ಮ್ಯಾಟ್ ಹಾಕಿ. ಎಕ್ಸಾಸ್ಟ್ ಫ್ಯಾನ್ ಸ್ನಾನ ಮುಗಿದ ಮೇಲೂ 20 ನಿಮಿಷ ಓಡ್ಲಿ. ಆ ಫ್ಯಾನ್ ನಿಜವಾಗ್ಲೂ ಎಳೀತಿದೆಯಾ ಅಂತ ನೋಡೋಕೆ ಒಂದು ಟಾಯ್ಲೆಟ್ ಪೇಪರ್ ತುಂಡು ಅದರ ಜಾಲರಿಗೆ ಹಿಡೀರಿ, ಕಚ್ಕೊಂಡ್ರೆ ಸರಿ, ಬಿದ್ರೆ ಮೇಲಿನ ಮುಚ್ಚಳ ತೆಗೆದು ಧೂಳು ತೆಗೀರಿ, ಮೊದ್ಲು ಸ್ವಿಚ್ ಆಫ್. ನೆಲಕ್ಕೆ ಹಿಂಡಿದ ಮಾಪ್ ಸಾಕು. ಕಮೋಡ್ ಸುತ್ತ ನೀರು ಸುರೀಬೇಡಿ ಅಂತ ಮೂರನೇ ಸಲ ಹೇಳ್ತಿದ್ದೀನಿ, ಬೈಕೋಬೇಡಿ.

ಸ್ನಾನ ಆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕೋದು? ಬೇಡ ಅಕ್ಕಾ. ಸ್ಮೋಕ್ ಅಲಾರಂ ಕೂಗೋದು ಒಂದು ಕಡೆ ಇರ್ಲಿ, ಹಸುಗೂಸಿನ ಶ್ವಾಸಕ್ಕೆ ಹೊಗೆ ಒಳ್ಳೇದಲ್ಲ, ಮುಚ್ಚಿದ ಮನೆಯಲ್ಲಿ ಅಂತೂ ಅಲ್ಲ. ಅಲಾರಂ ಅಂದ್ಕೂಡ್ಲೆ ನೆನಪಾಯ್ತು, ಒಗ್ಗರಣೆ ಹಾಕಿದಾಗ ಕೂಗತ್ತೆ ಅಂತ ಅದರ ಬ್ಯಾಟರಿ ತೆಗೆದಿಡೋ ನಮ್ಮೋರು ತುಂಬಾ ಜನ ಇದ್ದಾರೆ, ನಿಮ್ಮ ಅಳಿಯನೂ ತೆಗೆದಿದ್ರೆ ಗದರಿಸಿ ಹಾಕ್ಸಿ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ಇಡ್ತಾರೆ, ಅವತ್ತೇ ಅಲಾರಂ ಬ್ಯಾಟರಿ ಬದಲಾಯಿಸೋದು ಜನರ ರೂಢಿ. ಸ್ಮೋಕ್ ಅಲಾರಂಗೆ 10 ವರ್ಷ ಆಗಿದ್ರೆ ಇಡೀ ಡಬ್ಬಿನೇ ಬದಲು ಮಾಡ್ಬೇಕು, ತಾರೀಕು ಹಿಂಬದಿಗೆ ಇರತ್ತೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ, ಆ ವಿಷದ ಗ್ಯಾಸಿಗೆ ವಾಸನೆ ಇಲ್ಲ, ಫರ್ನೇಸ್ ಕೆಟ್ರೆ ಬರತ್ತೆ, ಅದು ಮಲಗೋ ರೂಮಿನ ಹತ್ರ ಇರ್ಲೇಬೇಕು.

ಅಡುಗೆಮನೆ ನಿಮಗೆ ಹೇಳಿಕೊಡೋದು ಏನಿದೆ, ಒಂದೇ ಎಚ್ಚರ, ಒಲೆ ಮೇಲಿನ ಹುಡ್ಡಿನ ಜಾಲರಿ ಹೆಚ್ಚಾಗಿ ಅಲ್ಯೂಮಿನಿಯಂ, ಅದನ್ನ ವಾಷಿಂಗ್ ಸೋಡಾ ನೀರಲ್ಲಿ ನೆನೆಸಿದ್ರೆ ಕಪ್ಪಾಗತ್ತೆ, ಬಿಸಿ ನೀರು ಮತ್ತು ಪಾತ್ರೆ ಲಿಕ್ವಿಡ್ ಸಾಕು. ಹುಡ್ ಹೊಗೆನ ಹೊರಗೆ ಬಿಡತ್ತಾ ಇಲ್ಲಾ ಒಳಗೇ ಸುತ್ತಿಸತ್ತಾ ನೋಡಿ, ಒಳಗೇ ಸುತ್ತಿಸೋದಾದ್ರೆ ಕರಿಯೋ ದಿನ ಕಿಟಕಿ ತೆಗೀರಿ. ಮಿಕ್ಕ ಎಣ್ಣೆ ಸಿಂಕಿಗೆ ಹಾಕ್ಬೇಡಿ, ತಣ್ಣನೆ ಪೈಪಲ್ಲಿ ತುಪ್ಪದ ಥರ ಗಟ್ಟಿಯಾಗತ್ತೆ.

ಹಾಸಿಗೆ, ಕಂಬಳಿ, ಕಾರ್ಪೆಟ್. ಧೂಳಿನ ಹುಳ ಅಂದ್ರೆ ಡಸ್ಟ್ ಮೈಟು ತೇವ ಇದ್ರೆ ಬೆಳೆಯೋ ಜಾತಿ, ಅಲ್ಲಿನ ಒಣ ಚಳಿಗಾಲ ಅದರ ಮಟ್ಟಿಗೆ ನಮಗೆ ಉಪಕಾರ. ಹೊದಿಕೆ, ದಿಂಬಿನ ಗವಸು 55-60 ಡಿಗ್ರಿ ಬಿಸಿ ನೀರಲ್ಲಿ ಹಾಕಿ. ಸಣ್ಣ ಜಮಖಾನೆ ಇದ್ರೆ ನೀವು ಇಳಿದ ವಾರ ಇನ್ನೂ ಒಣ ಚಳಿ ಇದ್ರೆ ಹೊರಗೆ ಕಟಕಟೆ ಮೇಲೆ ಹಾಕಿ ಬಡೀರಿ. ಫಿನ್ಲೆಂಡಲ್ಲಿ ಅಪಾರ್ಟ್‌ಮೆಂಟ್ ಅಂಗಳದಲ್ಲಿ ಇದಕ್ಕೇ ಅಂತ ಕಂಬಿ ಹಾಕಿರ್ತಾರೆ, ಹಿಮದ ಮೇಲೇ ಕವುಚಿ ಬಡಿಯೋರೂ ಇದ್ದಾರೆ. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿಗೆ ಮಾತ್ರ ವ್ಯಾಕ್ಯೂಮ್, ಅದೂ ನಿಧಾನ, ಬೆಂಗಾವಲು ಪೊಲೀಸ್ ಜೀಪಿನ ಥರ ಓಡಿಸಿದ್ರೆ ಧೂಳು ಮೇಲೆ ಬರಲ್ಲ. ಉಣ್ಣೆ ಬಟ್ಟೆ ತೊಳೆದು ಪೂರ್ತಿ ಒಣಗಿಸಿ ಮುಚ್ಚಿಡಿ, ನುಸಿ ತಿನ್ನೋದು ಬೆವರು-ಸಾರಿನ ಕಲೆ ಇರೋ ಜಾಗವನ್ನೇ ಮೊದ್ಲು. ನುಸಿಗುಳಿಗೆ, ನೀವು ಡಾಂಬರ್ ಗೋಳಿ ಅಂತೀರಲ್ಲ, ಕೂಸಿರೋ ಮನೆಗೆ ಬೇಡ.

ಮನೆ ಕೊಡವೋ ಹಬ್ಬ ನಮಗೆ ದಸರಾ-ದೀಪಾವಳಿ, ಅಲ್ಲಿ ಮಾರ್ಚ್-ಏಪ್ರಿಲ್. ಹಿಂದೆ ಚಳಿಗಾಲವಿಡೀ ಕಲ್ಲಿದ್ದಲು, ಕಟ್ಟಿಗೆ, ದೀಪದೆಣ್ಣೆ ಸುಟ್ಟು ಗೋಡೆಯೆಲ್ಲ ಮಸಿ, ಕಿಟಕಿ ತೆಗೆಯೋ ಮೊದಲ ಬೆಚ್ಚನೆ ದಿನ ಎಲ್ಲಾ ಹೊರಗೆ ಹಾಕಿ ತೊಳೀತಿದ್ರು. ಇರಾನಿಗಳು ನವರೋಜಿಗೆ, ಅಂದ್ರೆ ಅವರ ಹೊಸ ವರ್ಷಕ್ಕೆ, ಮುಂಚೆ ಮಾಡೋ ಕೆಲಸಕ್ಕೆ ಖಾನೆ ತಕಾನಿ ಅಂತಾರೆ, ಅರ್ಥ ಥೇಟು ಅದೇ, ಮನೆ ಕೊಡವೋದು. ಪುಣೆಯಲ್ಲಿ ಇರಾನಿ ಹೋಟೆಲಲ್ಲಿ ಬನ್ ಮಸ್ಕಾ ತಿಂದಿರ್ತೀರಲ್ಲ, ಅದೇ ಇರಾನಿಗಳು.

ಬೇಸ್‌ಮೆಂಟ್ ಒಂದು ಉಳೀತು. ಹಿಮ ಕರಗೋ ಹೊತ್ತಲ್ಲಿ ನೆಲದ ನೀರು ಅಲ್ಲಿಗೆ ಜಿನುಗತ್ತೆ. ಮೂಲೆಯಲ್ಲಿ ಒಂದು ಗುಂಡಿ, ಅದರಲ್ಲಿ ಪಂಪ್ ಇದ್ರೆ ಅದಕ್ಕೆ ಒಂದು ಬಕೆಟ್ ನೀರು ಹುಯ್ದು ನೋಡಿ, ಪಂಪ್ ತಾನೇ ಶುರುವಾಗ್ಬೇಕು. ಇಡೀ ಮನೆಯಲ್ಲಿ ನಿಮಗೆ ಬಕೆಟ್ ಸುರಿಯೋಕೆ ಪರ್ಮಿಷನ್ ಇರೋ ಜಾಗ ಇದೊಂದೇ, ಆಸೆ ತೀರಿಸ್ಕೊಳ್ಳಿ. ರಟ್ಟಿನ ಪೆಟ್ಟಿಗೆ ನೆಲದ ಮೇಲೆ ಇದ್ರೆ ಎತ್ತಿಸಿ, ಏನಾದ್ರೂ ನೆಂದಿದ್ರೆ 24ರಿಂದ 48 ಗಂಟೆಯೊಳಗೆ ಒಣಗಬೇಕು, ಅದು ದಾಟಿದ್ರೆ ಬೂಷ್ಟು ಶುರು. ಜೂನ್ ಬಂದ ಮೇಲೆ ಮಾತ್ರ ನಮ್ಮ ಮುಂಬೈ ನಿಯಮ ಅಲ್ಲಿಗೂ ಬರತ್ತೆ, ಹೊರಗಿನ ಬೆಚ್ಚನೆ ತೇವದ ಗಾಳಿ ತಣ್ಣನೆ ಬೇಸ್‌ಮೆಂಟ್ ಗೋಡೆಗೆ ಬಡಿದು ಬೆವರತ್ತೆ, ಆಗ ಅಲ್ಲಿನ ಕಿಟಕಿ ಮುಚ್ಚಿ ತೇವ ಹೀರೋ ಯಂತ್ರ, ಡಿಹ್ಯೂಮಿಡಿಫೈಯರ್, ಹಾಕ್ಸಿ. ನೀವು ಆಗಸ್ಟ್ ಕೊನೆಗೆ ವಾಪಸ್ ಬರ್ತೀರಿ, ಶರತ್ಕಾಲದ ಕೆಲಸ ಅಳಿಯನ ಪಾಲಿಗೆ: ಎಲೆ ಉದುರಿ ಮುಗಿದ ಮೇಲೆ ಸೂರಿನ ನೀರು ದೋಣಿ ಖಾಲಿ ಮಾಡೋದು, ಮೊದಲ ಹೆಪ್ಪುಗಟ್ಟೋ ರಾತ್ರಿಗೆ ಮುಂಚೆ ತೋಟದ ಪೈಪ್ ಬಿಚ್ಚಿ ಒಳಗಿನ ವಾಲ್ವ್ ಮುಚ್ಚೋದು. ನೀರು ಮಂಜುಗಡ್ಡೆ ಆದಾಗ ಶೇಕಡಾ 9ರಷ್ಟು ಉಬ್ಬತ್ತೆ, ಪೈಪ್ ಒಡೆದ್ರೆ ನಾನು ಸುರಿದ ಎರಡು ಬಕೆಟ್ ಯಾವ ಲೆಕ್ಕಕ್ಕೂ ಇಲ್ಲ.

ಏನು ಒಯ್ಲಿ ಅಂದ್ರಿ. ಪೊರಕೆ ಬೇಡ, ಹುಲ್ಲು-ಗರಿಯ ಸಾಮಾನೆಲ್ಲ ಅಲ್ಲಿನ ಕಸ್ಟಮ್ಸಲ್ಲಿ ತೋರಿಸಿ ಹೇಳ್ಬೇಕು, ಎಸೆದುಬಿಡಲೂಬಹುದು. ಫಿನೈಲು, ಆಸಿಡ್ಡು ವಿಮಾನಕ್ಕೆ ಹತ್ತಿಸಲ್ಲ, ಬೇಕೂ ಇಲ್ಲ. ಹಳೇ ಕಾಟನ್ ಸೀರೆ ಎರಡು, ಹತ್ತಾರು ಸಲ ತೊಳೆದು ಮೆತ್ತಗಾಗಿರೋದು, ಅದನ್ನ ಒಯ್ಯಿರಿ, ಒಂದು ಹರಿದು ಒರೆಸೋಕೆ, ಇನ್ನೊಂದು ಕೂಸಿನ ಲಂಗೋಟಿಗೆ, ಎರಡನ್ನೂ ಅದಲು ಬದಲು ಮಾಡ್ಬೇಡಿ. ಮಗಳಿಗೆ ಇವತ್ತು ರಾತ್ರಿ ಫೋನ್ ಮಾಡಿದಾಗ ಎರಡೇ ಕೇಳಿ: ಮನೆ ಕಟ್ಟಿದ್ದು ಯಾವ ವರ್ಷ, ಫರ್ನೇಸ್ ಫಿಲ್ಟರಿನ ಅಂಚಲ್ಲಿ ಸೈಜು ಎಷ್ಟು ಅಂತ ಬರೆದಿದೆ.